ಪ್ರಮೀಳಾ ಮೇಡಂ ವಿಮಾನಕ್ಕೆ ಮಸಿ ಹಿಡಿಸಿದ್ದು

ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಪ್ರಮೀಳಾ ಮೇಡಂಗೆ ಐವತ್ತೆರಡನೇ ವಯಸ್ಸಿನಲ್ಲಿ ವಿಮಾನದ ಹುಚ್ಚು ಹಿಡಿಯಿತು. ತುಮಕೂರಿನ ಮನೆಯ ಊಟದ ಮೇಜಿನ ಮೇಲೆ ಎರಡು ತಿಂಗಳು ಕೂತು, ಎಪ್ಪತ್ತೊಂದರ ಯುದ್ಧದಲ್ಲಿ ಹಾರಿದ ನ್ಯಾಟ್ ಎಂಬ ಪುಟ್ಟ ಫೈಟರ್ ವಿಮಾನದ ಪ್ಲಾಸ್ಟಿಕ್ ಮಾದರಿಯನ್ನು ಅಂಟಿಸಿ, ಬಣ್ಣ ಬಳಿದರು. ಅದು ಥಳಥಳ ಹೊಳೆಯಿತು. ಅದೇ ತೊಂದರೆಯಾಯಿತು. ಯುದ್ಧ ಮಾಡಿ ಬಂದ ವಿಮಾನ ಹೊಸ ಸ್ಟೀಲ್ ಲೋಟದ ಹಾಗಿದ್ದರೆ ಯಾರು ನಂಬುತ್ತಾರೆ? ಗೀರು ಬೇಕು, ಎಣ್ಣೆ ಕಲೆ ಬೇಕು, ಹೊಗೆಯ ಮಸಿ ಬೇಕು.

"ಇಷ್ಟ್ ಚೆನ್ನಾಗ್ ಮಾಡಿ ಈಗ ಗಲೀಜ್ ಮಾಡ್ತೀನಿ ಅಂತೀಯಲ್ಲೇ!" ಎಂದು ಅತ್ತೆ ಸುಬ್ಬಲಕ್ಷ್ಮಮ್ಮ ಹಣೆ ಚಚ್ಚಿಕೊಂಡರು.

ಅಸಲಿ ಮಸಿ ಹೇಗಿರುತ್ತದೆ ಎಂದು ನೋಡಲು ಮೇಡಂಗೆ ಸಿಕ್ಕಿದ್ದು ದಿನಾ ಹತ್ತುವ ಗುಬ್ಬಿಯ ಪ್ರೈವೇಟ್ ಬಸ್ಸು. ಅದರ ಹೊಗೆ ಕೊಳವೆಯ ಸುತ್ತ ಹತ್ತು ವರ್ಷದ ಮಸಿಯಿತ್ತು. ಸ್ಟ್ಯಾಂಡಿನಲ್ಲಿ ಬಸ್ಸಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಫೋಟೋ ತೆಗೆದರು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಡ್ರೈವರ್ ಮಲ್ಲಿಕಾರ್ಜುನ್ ಕನ್ನಡಿಯಲ್ಲಿ ಅದನ್ನು ನೋಡಿದ.

ಮಾರನೇ ದಿನ ಬಸ್ಸಿನ ಹಿಂಭಾಗ ತೊಳೆದಿತ್ತು. ಮೇಡಂಗೆ ಅಳುವೇ ಬಂತು. ಮುಂಭಾಗದ ಚಕ್ರದ ಹತ್ತಿರ ಎಣ್ಣೆ ಕಲೆ ನೋಡುತ್ತ ನಿಂತರು. ಅದೂ ಮಾರನೇ ದಿನ ಮಾಯ. ನಾಲ್ಕನೇ ದಿನ ಬಸ್ಸು ಮದುಮಗನಂತೆ ಬಂದು ನಿಂತಿತು.

"ಯಾಕ್ರೀ ತೊಳುದ್ರಿ?" ಎಂದು ಮೇಡಂ ರೇಗಿದರು.

"ತೊಳೀದೆ ಇನ್ನೇನ್ ಮಾಡ್ಲಿ ಮೇಡಂ? ದಿನಾ ಬರ್ಕೊಂಡ್ ಹೋಗ್ತೀರಾ. ಕಂಪ್ಲೇಂಟ್ ಕೊಡ್ಬೇಡಿ, ನಿಮ್ ಕಾಲಿಗ್ ಬೀಳ್ತೀನಿ!"

ಮೇಡಂ ನಗುತ್ತಾ ವಿಷಯ ಹೇಳಿದರು. ಮರುದಿನ ಟಿಫಿನ್ ಡಬ್ಬಿಯಲ್ಲಿ ವಿಮಾನವನ್ನೇ ತಂದು ತೋರಿಸಿದರು. ಪೆನ್ಸಿಲ್ ಸೀಸದ ಪುಡಿಯಿಂದ ಮಾಡಿದ ಮಸಿಯನ್ನು ಮಲ್ಲಿಕಾರ್ಜುನ್ ಕಣ್ಣು ಕಿರಿದು ಮಾಡಿಕೊಂಡು ನೋಡಿದ.

"ತಪ್ಪು ಮೇಡಂ. ಇದು ನಿಂತಿರೋ ಗಾಡಿ ಮಸಿ, ಗುಂಡಗ್ ಕೂತೈತೆ. ಓಡೋ ಗಾಡೀದು ಹಿಂದಕ್ ಬಾಲ ಎಳೀತದೆ."

ಮೂವತ್ತು ವರ್ಷ ಗಾಳಿಯ ಒತ್ತಡದ ಪಾಠ ಮಾಡಿದ ಮೇಡಂ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮನೆಗೆ ಹೋಗಿ, ಮಸಿಗೆ ಬಾಲ ಎಳೆದರು.

ಭಾನುವಾರ ಗುಬ್ಬಿಯ ಕಲ್ಯಾಣ ಮಂಟಪದಲ್ಲಿ ಹವ್ಯಾಸಿಗಳು ಮಾಡಿದ ಮಾದರಿಗಳ ಪ್ರದರ್ಶನ, ಸ್ಪರ್ಧೆ ಇತ್ತು. ಒಬ್ಬ ಹಿರಿಯರು ನ್ಯಾಟ್ ನೋಡಿ, "ಪಾಪ, ಒರೆಸೋಕೆ ಟೈಮ್ ಸಿಗ್ಲಿಲ್ವೇನೋ" ಎಂದರು. ಅಷ್ಟರಲ್ಲಿ, ತುಮಕೂರಿಗೆ ಹೊರಟ ಬಸ್ಸನ್ನು ಬಾಗಿಲ ಮುಂದೆ ನಿಲ್ಲಿಸಿ ಬಂದಿದ್ದ ಖಾಕಿ ಅಂಗಿಯ ಮಲ್ಲಿಕಾರ್ಜುನ್ ಮುಂದೆ ನುಗ್ಗಿದ. "ಯುದ್ಧ ಮಾಡ್ ಬಂದೈತೆ ಸಾಮಿ! ಈ ಬಾಲ ನೋಡಿ, ಎಂಥ ಸ್ಪೀಡು!" ಎಂದು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಹೊರಗೆ ಕಂಡಕ್ಟರ್ ಸೀಟಿ ಊದಿ ಊದಿ ಸುಸ್ತಾಗಿ ಒಳಗೆ ಬಂದ. ಅವನ ಹಿಂದೆ ಬಸ್ಸಿನಲ್ಲಿ ಕಾಯುತ್ತಿದ್ದವರೂ ಬಂದರು, ಕೋಳಿ ಹಿಡಿದ ಹನುಮಕ್ಕನೂ ಸೇರಿ. ಎಲ್ಲರೂ ಸಾಲಾಗಿ ಬಗ್ಗಿ ಮಸಿ ನೋಡಿದರು.

ಮೇಡಂಗೆ ಸಮಾಧಾನಕರ ಬಹುಮಾನ ಬಂತು. ಮುಕ್ಕಾಲು ಗಂಟೆ ತಡವಾಗಿ ಹೊರಟ ಬಸ್ಸಿನಲ್ಲಿ ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ತುಮಕೂರಿನವರೆಗೂ ಪ್ರತಿ ರೋಡ್ ಹಂಪಿನಲ್ಲೂ ಬಸ್ಸು ಬಸುರಿ ಹೆಂಗಸಿನ ಹಾಗೆ ನಿಧಾನವಾಗಿ ಹತ್ತಿ ಇಳಿಯಿತು. ಯಾರೂ ಗೊಣಗಲಿಲ್ಲ, ಕೋಳಿ ಒಂದನ್ನು ಬಿಟ್ಟು.