ಬೀಳದವರನ್ನು ಬಿದ್ದರೆಂದ ವಾಚು

ಕೊರೊನಾ ಕಳೆದು ಎರಡನೆಯ ವರ್ಷ. ನಾನಾಗ ಸ್ಮಾರ್ಟ್‌ವಾಚ್ ತಯಾರಿಸುವ ಒಂದು ಕಂಪನಿಯ ಕೊಳ್ಳೇಗಾಲದ ಸರ್ವಿಸ್ ಸೆಂಟರಿನಲ್ಲಿ ಸೀನಿಯರ್ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸರಳ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ನಮ್ಮ ಕಂಪನಿಯ ವಾಚು ಕಟ್ಟಿದ ಯಾರಿಗೆ ಏನೇ ತೊಂದರೆಯಾದರೂ ಅವರು ಬಂದು ನಿಲ್ಲುತ್ತಿದ್ದುದು ನನ್ನ ಕೌಂಟರಿನ ಮುಂದೆ.

ಸ್ಮಾರ್ಟ್‌ವಾಚು ಅಂಗಡಿಯಿಂದ ತಂದ ದಿನ ಹೇಗಿರುತ್ತದೋ ಹಾಗೆಯೇ ಉಳಿಯುವ ವಸ್ತುವಲ್ಲ. ಕಂಪನಿಯವರು ಆಗಾಗ ಅದರೊಳಗಿನ ಸಾಫ್ಟ್‌ವೇರನ್ನು ತಿದ್ದಿ ಫೋನಿನ ಮೂಲಕ ಕಳಿಸುತ್ತಾರೆ. ಇದೇ ಅಪ್‌ಡೇಟ್. ಹೊಸದೊಂದು ಅಪ್‌ಡೇಟ್ ಬರುತ್ತದೆಂದರೆ ನಮ್ಮ ಗಿರಾಕಿಗಳಲ್ಲಿ ಒಬ್ಬೊಬ್ಬರದು ಒಂದೊಂದು ಆಸೆ. ಒಬ್ಬರಿಗೆ ಬ್ಯಾಟರಿ ಇನ್ನೆರಡು ದಿನ ಹೆಚ್ಚು ಬರಬೇಕು, ಇನ್ನೊಬ್ಬರಿಗೆ ಮೆಸೇಜು ಕನ್ನಡದಲ್ಲಿ ಸರಿಯಾಗಿ ಕಾಣಬೇಕು. ಆ ವರ್ಷ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು. ವಾಚು ಕಟ್ಟಿದವರು ಬಿದ್ದರೆ ಅದು ತಾನೇ ಗುರುತಿಸಿ ಮನೆಯವರಿಗೆ ಫೋನ್ ಮಾಡುವ ಸೌಲಭ್ಯವನ್ನು ಮುಂದಿನ ಅಪ್‌ಡೇಟಿನಲ್ಲಿ ಕೊಡುವುದಾಗಿ ಕಂಪನಿ ಹೇಳಿತ್ತು.

ಅದಕ್ಕಾಗಿ ಎಲ್ಲರಿಗಿಂತ ಹೆಚ್ಚು ಕಾದವಳು ಭಾರತಿ. ಕೊಳ್ಳೇಗಾಲದ ರೇಷ್ಮೆ ನೇಕಾರರ ಮನೆಯ ಸೊಸೆ, ಮೂವತ್ತರ ಆಸುಪಾಸಿನ ಹೆಂಗಸು. ಮನೆಯ ಹಿಂದಿನ ಕೋಣೆಯಲ್ಲಿ ಅವಳ ಕೈಮಗ್ಗ. ಗಂಡ ಶಿವಕುಮಾರ ಆಟೊ ಓಡಿಸುತ್ತಿದ್ದ. ಭಾರತಿಗೆ ಮೂರ್ಛೆರೋಗವಿತ್ತು. ಮಾತ್ರೆಯಿಂದ ಬಹುಮಟ್ಟಿಗೆ ಹಿಡಿತದಲ್ಲಿದ್ದರೂ ಯಾವಾಗಲಾದರೊಮ್ಮೆ ಫಿಟ್ಸ್ ಬಂದುಬಿಡುತ್ತಿತ್ತು. ಒಮ್ಮೆ ಮಗ್ಗದ ಮುಂದೆಯೇ ಬಿದ್ದು ಹಣೆ ಒಡೆದುಕೊಂಡ ಮೇಲೆ ಮನೆಯವರು ಅವಳನ್ನು ಒಂಟಿಯಾಗಿ ನೇಯಲು ಬಿಡುತ್ತಿರಲಿಲ್ಲ. ನಾದಿನಿ ತನ್ನ ಹೊಲಿಗೆ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರಬೇಕಿತ್ತು. ಅವಳಿಗೆ ಬಿಡುವಿಲ್ಲದ ದಿನ ಮಗ್ಗ ಸುಮ್ಮನೆ ನಿಂತಿರುತ್ತಿತ್ತು.

ಅಪ್‌ಡೇಟಿನ ಸುದ್ದಿ ಕೇಳಿಯೇ ಭಾರತಿ ವಾಚು ಕೊಂಡಿದ್ದಳು. ಪೇಟೆಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು: "ಸಾ, ಆ ಬೀಳೋ ಅಪ್‌ಡೇಟು ಬಂತಾ?"

"ಇಲ್ಲಮ್ಮ, ಇನ್ನೂ ಇಲ್ಲ."

"ಬಂದೇಟ್ಗೆ ಒಂದು ಫೋನ್ ಮಾಡ್ಬುಡಿ ಸಾ."

ಕೊನೆಗೊಂದು ದಿನ ಅದು ಬಂತು. ನಾನೇ ಅವಳ ವಾಚಿಗೆ ಹಾಕಿ, ಗಂಡನ ನಂಬರು ಸೇರಿಸಿ ಕಳಿಸಿದೆ. ಮಾತ್ರೆ ಮಾತ್ರ ತಪ್ಪಿಸಬಾರದು, ವಾಚು ಡಾಕ್ಟರಲ್ಲ ಎಂದೂ ಹೇಳಿದೆ. ಅವಳ ಮುಖದಲ್ಲಿದ್ದ ಗೆಲುವನ್ನು ನೋಡಿ ನನಗೂ ದಿನವೆಲ್ಲ ಸಂತೋಷವಾಗಿತ್ತು.

ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಬಂದು ಮೆಟ್ಟಿಲ ಮೇಲೆ ಕೂತಿದ್ದರು.

"ಏನ್ ಸಾ ಇದು, ನಾನು ಮಗ್ಗದಲಿ ಕೂತು ಒಂದು ಗೇಣು ನೇಯ್ದಿಲ್ಲ, ಬಿದ್ದೋದ್ಳು ಬಿದ್ದೋದ್ಳು ಅಂತ ಇವ್ರಿಗ ಫೋನ್ ಮಾಡ್ಬುಡ್ತದ" ಎಂದಳು ಭಾರತಿ.

"ನಾನು ಮುಳ್ಳೂರಿಗ ಬಾಡಿಗೆ ಓಗಿದ್ದೆ ಸಾ" ಎಂದ ಶಿವಕುಮಾರ. "ಪ್ಯಾಸೆಂಜರ್‌ನ ಅರ್ಧ ದಾರೀಲೇ ಇಳ್ಸಿ ಓಡ್ಬಂದೆ. ಬಂದು ನೋಡಿದ್ರ ಇವ್ಳು ಆರಾಮಾಗಿ ಲಾಳಿ ಎಸೀತಾ ಕೂತವ್ಳೆ. ತಿರ್ಗಾ ಸ್ಟ್ಯಾಂಡಿಗ ಓಗೋ ಅಷ್ಟ್ರಲಿ ಇನ್ನೊಂದು ಫೋನು."

ಕಾರಣ ಊಹಿಸುವುದು ಕಷ್ಟವಿರಲಿಲ್ಲ. ವಾಚಿನೊಳಗೆ ಅಕ್ಸೆಲೆರೊಮೀಟರ್ ಎಂಬ ಪುಟ್ಟ ಸೆನ್ಸರ್ ಇರುತ್ತದೆ. ಕೈ ಎಷ್ಟು ವೇಗವಾಗಿ ಚಲಿಸಿತು, ಎಷ್ಟು ಹಠಾತ್ತನೆ ನಿಂತಿತು ಎಂಬುದನ್ನು ಅದು ಅಳೆಯುತ್ತದೆ. ನೆಲಕ್ಕೆ ಬಿದ್ದಾಗ ಕೈಗೆ ಜೋರಾದ ಪೆಟ್ಟು ತಗಲುತ್ತದಲ್ಲ, ವಾಚು ಹುಡುಕುವುದು ಆ ಪೆಟ್ಟನ್ನು. ಆದರೆ ಕೈಮಗ್ಗದಲ್ಲಿ ಒಂದೊಂದು ಎಳೆ ಹಾಕಿದಾಗಲೂ ಅದನ್ನು ಒತ್ತಿ ಕೂರಿಸುವ ಹಣಿಗೆಯನ್ನು ಎಳೆದು ಬಡಿಯಬೇಕು. ಪ್ರತಿ ಬಡಿತವೂ ವಾಚಿಗೆ ಒಂದು ಬೀಳುವಿಕೆಯಂತೆಯೇ ಕಂಡಿತ್ತು.

ಯಾವುದೇ ಹೊಸ ಸೌಲಭ್ಯ ತೊಂದರೆ ಕೊಟ್ಟರೆ ಅದನ್ನು ಆಫ್ ಮಾಡಿಕೊಡುವುದು ನಮ್ಮ ಪದ್ಧತಿ. ನಾನು ಅವಳ ವಾಚಿಗೆ ಕೈ ಚಾಚಿದೆ. ಭಾರತಿ ಮಣಿಕಟ್ಟನ್ನು ಹಿಂದಕ್ಕೆ ಎಳೆದುಕೊಂಡಳು.

"ಆಫ್ ಮಾಡ್ಬ್ಯಾಡಿ ಸಾ. ಆಫ್ ಮಾಡಿದ್ರ ಮತ್ತ ನಮ್ಮ ನಾದ್ನಿ ಬಂದು ಕಾಯ್ಕಂಡು ಕೂರ್ಬೇಕು. ನಿನ್ನೆ ಒಬ್ಳೇ ಕೂತು ನೇಯ್ದೆ ಸಾ, ಎಷ್ಟು ವರ್ಷ ಆಗಿತ್ತು ಅಂತೀರಿ. ರಿಪೇರಿ ಮಾಡ್ಕೊಡಿ."

ಅದು ನಾನು ರಿಪೇರಿ ಮಾಡಬಹುದಾದ ವಸ್ತುವಾಗಿರಲಿಲ್ಲ. ಸ್ಕ್ರೀನು ಒಡೆದಿದ್ದರೆ, ಬ್ಯಾಟರಿ ಸತ್ತಿದ್ದರೆ ಬದಲಾಯಿಸಿಕೊಡಬಲ್ಲೆ. ಸಾಫ್ಟ್‌ವೇರಿನ ತಿಳುವಳಿಕೆ ತಿದ್ದುವವರು ಬೆಂಗಳೂರಿನಲ್ಲಿದ್ದರು. ಆದರೂ ಅವಳ ಮುಂದೆ "ಆಗಲ್ಲ" ಎನ್ನಲು ನಾಲಿಗೆ ಏಳಲಿಲ್ಲ. "ವಸಿ ಟೈಮು ಕೊಡಮ್ಮ" ಎಂದೆ.

ಆ ವಾರ ಕೌಂಟರಿನ ಮುಂದೆ ಜನ ನೆರೆದರು. ಯಳಂದೂರು ತಾಲ್ಲೂಕಿನ ಹೊನ್ನೂರಿನಿಂದ ಮಾದಪ್ಪನವರು ಬಂದರು. ಅವರು ಕಬ್ಬು ಕಡಿಯುತ್ತಿದ್ದಾಗ ವಾಚು ಸೊಸೆಗೆ ಫೋನ್ ಮಾಡಿತ್ತಂತೆ. "ಗದ್ದಗ ಅರ್ಧ ಊರೇ ಓಡ್ಬಂತು ಕಣ್ರಿ. ಒಬ್ಬ ನೀರಿನ್ ಚೊಂಬು ಇಡ್ಕಂಡವ್ನೆ, ಒಬ್ಬ ಮಂಚ ಒತ್ಕಂಡವ್ನೆ. ನಾನು ಕುಡ್ಲು ಇಡ್ಕಂಡು ನಿಂತಿವ್ನಿ" ಎಂದು ತಾವೇ ನಕ್ಕರು. ಹನೂರಿನ ಸಂತೆಮಾಳದಲ್ಲಿ ಲಾರಿಯಿಂದ ಮೂಟೆ ಇಳಿಸುವ ಹಮಾಲಿಯೊಬ್ಬನಿಗೂ ಇದೇ ಪಾಡು. ಬಂದವರೆಲ್ಲ ಕೇಳಿದ್ದು ಒಂದೇ: ಆಫ್ ಮಾಡಿಕೊಡಿ.

ನಮ್ಮ ಕಡೆಯಂತೆಯೇ ಬೇರೆ ಊರುಗಳಿಂದಲೂ ದೂರು ಹೋಗಿರಬೇಕು. ಕೆಲವೇ ದಿನಗಳಲ್ಲಿ ಕಂಪನಿಯಿಂದ ಸೂಚನೆ ಬಂತು. ಈ ಮಾಡೆಲಿನಿಂದ ಆ ಸೌಲಭ್ಯವನ್ನೇ ಮುಂದಿನ ಅಪ್‌ಡೇಟಿನಲ್ಲಿ ತೆಗೆದುಹಾಕಲಾಗುತ್ತದೆ, ಗ್ರಾಹಕರಿಗೆ ಹಾಗೆಂದು ತಿಳಿಸಿ.

ನಾನು ಆವರೆಗೆ ಮೇಲಿನವರಿಗೆ ಎದುರಾಡಿದವನಲ್ಲ. ಅಂದು ಮಾತ್ರ ಬೆಂಗಳೂರಿನ ಉತ್ಪನ್ನ ವಿಭಾಗದ ಮುಖ್ಯಸ್ಥರಿಗೆ ನೇರವಾಗಿ ಫೋನ್ ಮಾಡಿದೆ.

"ದೂರು ಕೊಟ್ಟವರೆಲ್ಲ ಬೇಡ ಅಂತಲೇ ಹೇಳ್ತಿದ್ದಾರಲ್ಲ?" ಎಂದರು ಅವರು. "ಬೇಡ ಅಂದದ್ದನ್ನು ತೆಗೀತಿದ್ದೀವಿ. ಇದರಲ್ಲಿ ತಪ್ಪೇನಿದೆ?"

"ಅವರು ಬೇಡ ಅಂದಿದ್ದು ಸುಳ್ಳು ಕರೆಯನ್ನು ಸರ್. ನಿಜವಾಗಿ ಬಿದ್ದಾಗ ಬರಬೇಕಾದ ಕರೆಯನ್ನಲ್ಲ. ಇಲ್ಲಿ ಒಬ್ಬ ಹೆಣ್ಣುಮಗಳು ಈ ಕರೆಯನ್ನು ನಂಬಿಕೊಂಡು ಮಗ್ಗಕ್ಕೆ ಕೂತಿದ್ದಾಳೆ. ಒಬ್ಬ ಎಂಜಿನಿಯರನ್ನು ಕಳಿಸಿ. ಮಗ್ಗ ಹೇಗೆ ಬಡಿಯುತ್ತದೆ, ಕಬ್ಬು ಹೇಗೆ ಕಡಿಯುತ್ತಾರೆ ಅನ್ನೋದನ್ನು ವಾಚಿಗೆ ಕಲಿಸೋಣ. ಆಮೇಲೂ ಆಗದಿದ್ದರೆ ತೆಗೆದುಬಿಡಿ."

ಎಷ್ಟು ದಿನ ಬೇಕು ಎಂದು ಅವರು ಕೇಳಿದರು. ಆಮೇಲೆ, "ಒಂದು ತಿಂಗಳು ಕೊಡ್ತೀನಿ" ಎಂದರು.

ಬಂದವಳು ಅನುಷಾ. ವಯಸ್ಸು ಚಿಕ್ಕದು, ಕೆಲಸದಲ್ಲಿ ಗಟ್ಟಿಗಿತ್ತಿ. ಮೊದಲ ದಿನವೇ ನನಗೆ ವಿಷಯ ಬಿಡಿಸಿ ಹೇಳಿದಳು. ದುಬಾರಿ ವಾಚುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಇನ್ನೊಂದು ಸೆನ್ಸರ್ ಇರುತ್ತದೆ, ಕೈ ಮೇಲಿನಿಂದ ಕೆಳಕ್ಕೆ ಬಂದದ್ದು ಅದಕ್ಕೆ ಗೊತ್ತಾಗುತ್ತದೆ. ನಮ್ಮ ವಾಚಿನಲ್ಲಿ ಆ ಹಾರ್ಡ್‌ವೇರ್ ಇಲ್ಲ. ಮಾರಿದ ವಾಚಿಗೆ ಅದನ್ನು ಸೇರಿಸಲೂ ಆಗದು. ಏನು ಮಾಡಿದರೂ ಸಾಫ್ಟ್‌ವೇರಿನಲ್ಲೇ ಮಾಡಬೇಕು.

ಆ ದಿನಗಳನ್ನು ನೆನೆದರೆ ಈಗಲೂ ನನಗೆ ಉತ್ಸಾಹ ಬರುತ್ತದೆ. ಭಾರತಿಯ ಮಗ್ಗದ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು ಬಡಿತದ ಅಲೆಗಳನ್ನು ದಾಖಲಿಸಿದೆವು. ಹನೂರಿಗೆ ಹೋಗಿ ಮೂಟೆ ಇಳಿಸುವುದನ್ನು ದಾಖಲಿಸಿದೆವು. ಹೊನ್ನೂರಿನಲ್ಲಿ ಮಾದಪ್ಪನವರು ಕಬ್ಬು ಕಡಿದು ತೋರಿಸಿದರು. ಆಮೇಲೆ ಅನುಷಾ ಹೇಳಿದಳು, "ಈಗ ನಿಜವಾಗಿ ಬೀಳೋರು ಬೇಕು."

ಮಾದಪ್ಪನವರ ಕಣದಲ್ಲಿ ಭತ್ತದ ಹುಲ್ಲನ್ನು ದಪ್ಪನಾಗಿ ಹರಡಿಸಿದೆವು. ವಾಚು ಕಟ್ಟಿಕೊಂಡು ಅದರ ಮೇಲೆ ಬೀಳಲು ಊರಿನ ಗಂಡಸರು ನಾ ಮುಂದು ತಾ ಮುಂದು ಎಂದು ಬಂದರು. ಮೊದಲಿನವನು ಮೆಲ್ಲಗೆ ಮಂಡಿಯೂರಿ ಒರಗಿದ.

"ಲೇ, ಅದು ಬೀಳಾದಲ್ಲ ಕಣ್ಲಾ, ಮಲಿಕ್ಕಳಾದು!" ಎಂದು ಮಾದಪ್ಪನವರು ಗದರಿದರು. "ಗದ್ದೆ ಬದಿನ್ ಮೇಲೆ ಕಾಲು ಜಾರ್ದಂಗ ಬೀಳು. ತಗಾ, ನಾನ್ ತೋರುಸ್ತೀನಿ."

ಅರವತ್ತು ದಾಟಿದ ಮನುಷ್ಯ ಹಿಂದುಮುಂದು ನೋಡದೆ ಧೊಪ್ಪನೆ ಹುಲ್ಲಿನ ಮೇಲೆ ಬಿದ್ದರು. ಅನುಷಾ ಗಾಬರಿಯಿಂದ ಲ್ಯಾಪ್‌ಟಾಪ್ ಬಿಟ್ಟು ಎದ್ದಳು. ಅವರು ಹುಲ್ಲು ಕೊಡವಿಕೊಂಡು ಎದ್ದು, "ಬಂತಾ ಮೇಡಂ ಸರ್ಯಾಗಿ? ಇಲ್ದಿದ್ರ ಇನ್ನೊಂದ್ಸಲ ಬೀಳ್ತೀನಿ" ಎಂದರು. ಸಂಜೆಯವರೆಗೂ ಊರಿನವರು ಬೀಳುತ್ತಲೇ ಇದ್ದರು, ಹೆಂಗಸರು ಜಗಲಿಯ ಮೇಲೆ ಕೂತು ನಗುತ್ತಲೇ ಇದ್ದರು.

ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಅನುಷಾಳಿಗೆ ವ್ಯತ್ಯಾಸ ಸಿಕ್ಕಿತು. ಕೆಲಸ ಮಾಡುವ ಕೈ ಪೆಟ್ಟಿನ ನಂತರ ಮತ್ತೆ ಚಲಿಸುತ್ತದೆ. ಬಿದ್ದವರ ಕೈ ಕೆಲ ಹೊತ್ತು ನಿಶ್ಚಲವಾಗಿರುತ್ತದೆ. ಹಾಗಾಗಿ ಪೆಟ್ಟಿನ ನಂತರ ಕೈ ಅಲುಗದಿದ್ದರೆ ಮಾತ್ರ ಕರೆ ಹೋಗುವಂತೆ ತಿದ್ದಿ, ಪ್ರಯೋಗಕ್ಕೆಂದು ಭಾರತಿಯ ವಾಚಿಗೆ ಹಾಕಿದಳು. ಭಾರತಿ ಒಂದು ಮೊಳದಷ್ಟು ನೇಯ್ದಳು. ವಾಚು ತುಟಿಪಿಟಕ್ ಅನ್ನಲಿಲ್ಲ. ನಾವೆಲ್ಲ ಗೆದ್ದವರಂತೆ ಮುಖ ಮುಖ ನೋಡಿಕೊಂಡೆವು.

ಶಿವಕುಮಾರ ಬಾಗಿಲಿಗೆ ಒರಗಿ ನಿಂತಿದ್ದ. ಅವನೊಬ್ಬ ನಗಲಿಲ್ಲ.

"ಮೇಡಂ, ಒಂದ್ ಮಾತು" ಎಂದ. "ಇವ್ಳಿಗ ಫಿಟ್ಸ್ ಬಂದಾಗ ಕೈ ಸುಮ್ಕ ಇರಲ್ಲ. ಅದುರ್ತಾ ಇರ್ತದ. ನಾನು ನೋಡಿವ್ನಿ. ಆಗ ಈ ವಾಚು, ಕೈ ಆಡ್ತಾ ಅದ, ಏನೂ ಆಗಿಲ್ಲ ಅನ್ಕಂಡ್ಬುಡ್ತದಲ್ವಾ?"

ಯಾರಿಗಾಗಿ ಇಷ್ಟೆಲ್ಲ ಮಾಡಿದೆವೋ ಅವಳೊಬ್ಬಳನ್ನೇ ನಾವು ಕೈಬಿಟ್ಟಿದ್ದೆವು. ಅನುಷಾ ಲ್ಯಾಪ್‌ಟಾಪ್ ಬದಿಗಿಟ್ಟು ಶಿವಕುಮಾರನ ಕಡೆ ತಿರುಗಿದಳು. "ಅದು ಹೇಗೆ ಅದುರುತ್ತೆ ಅಂತ ನನಗೆ ಗೊತ್ತಾಗಬೇಕು. ನೀವು ಮಾಡಿ ತೋರಿಸ್ತೀರಾ?" ಎಂದು ಕೇಳಿದಳು.

ಶಿವಕುಮಾರ ಹೆಂಡತಿಯ ಮುಖ ನೋಡಿದ. ಅವಳು ವಾಚು ಬಿಚ್ಚಿ ಅವನ ಕೈಗೆ ಕಟ್ಟಿದಳು. ಅವನು ಮಗ್ಗದ ಪಕ್ಕದಲ್ಲಿ ಚಾಪೆಯ ಮೇಲೆ ಉರುಳಿ, ಕಣ್ಣು ಮುಚ್ಚಿ, ತಾನು ಎಷ್ಟೋ ಸಲ ಕಂಡಿದ್ದನ್ನು ಮಾಡಿ ತೋರಿಸಿದ. ಮೊದಲು ಕೈ ಸೆಟೆಯಿತು. ಆಮೇಲೆ ಅದುರತೊಡಗಿತು.

ಭಾರತಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಫಿಟ್ಸ್ ಬಂದವರಿಗೆ ಆ ಹೊತ್ತಿನ ನೆನಪೇ ಇರುವುದಿಲ್ಲ. ತನಗೇನಾಗುತ್ತದೆ ಎಂಬುದನ್ನು ಅವಳು ಕಂಡದ್ದು ಅದೇ ಮೊದಲು.

"ಇಂಗಾ ಆಯ್ತದ ನಂಗ?" ಎಂದು ಮೆಲ್ಲಗೆ ಕೇಳಿದಳು.

ಅವನು ಎದ್ದು ಕೂತು ತಲೆ ತಗ್ಗಿಸಿದ. "ಊಂ" ಎಂದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಎದ್ದು ಹೊರಗೆ ಹೋಗಬೇಕೆಂದುಕೊಂಡೆ. ಅಷ್ಟರಲ್ಲಿ ಅವಳ ದನಿ ಗಟ್ಟಿಯಾಯಿತು: "ಇನ್ನೊಂದ್ಸಲ ಮಾಡಿ. ಆ ವಾಚು ಸರ್ಯಾಗಿ ನೋಡ್ಕಳ್ಲಿ."

ಅವನು ಮತ್ತೆ ಮಾಡಿದ. ಆಮೇಲೆ ಇನ್ನೂ ಹಲವು ಸಲ ಮಾಡಿದ.

ಅನುಷಾ ಆ ದಾಖಲೆ ಹಿಡಿದುಕೊಂಡು ಬೆಂಗಳೂರಿಗೆ ಹೋದಳು. ತಿಂಗಳು ತುಂಬುವ ಮುನ್ನ ಹೊಸ ಉಪಾಯ ಕಳಿಸಿದಳು. ಮಗ್ಗದ ಬಡಿತಕ್ಕೊಂದು ಲಯವಿರುತ್ತದೆ, ಕಬ್ಬಿನ ಕಡಿತಕ್ಕೂ ಇರುತ್ತದೆ. ಫಿಟ್ಸಿನ ಅದುರುವಿಕೆ ಆ ಲಯದ್ದಲ್ಲ. ವಾಚು ಮೊದಲು ಆ ಕೈಯ ಕೆಲಸದ ಲಯವನ್ನು ಕಲಿಯುತ್ತದೆ. ಪೆಟ್ಟೊಂದು ಬಿದ್ದು ಆ ಲಯ ತಪ್ಪಿ, ಮತ್ತೆ ಕೂಡಿಕೊಳ್ಳದಿದ್ದರೆ ವಾಚು ತಾನೇ ವೈಬ್ರೇಟ್ ಆಗಿ ಕಟ್ಟಿದವರನ್ನು ಎಚ್ಚರಿಸುತ್ತದೆ. ಅರ್ಧ ನಿಮಿಷದೊಳಗೆ ಯಾರೂ ಸ್ಕ್ರೀನ್ ಮುಟ್ಟದಿದ್ದರೆ ಮನೆಗೆ ಫೋನ್ ಮಾಡುತ್ತದೆ. ಭಾರತಿ, ಮಾದಪ್ಪನವರು, ಹನೂರಿನ ಹಮಾಲಿ, ಮೂವರೂ ಅದನ್ನು ಕಟ್ಟಿ ಕೆಲಸ ಮಾಡಿ ನೋಡಿದರು. ಸುಳ್ಳು ಕರೆ ನಿಂತಿತು. ಕಂಪನಿ ಸೌಲಭ್ಯವನ್ನು ತೆಗೆಯುವ ತೀರ್ಮಾನ ಕೈಬಿಟ್ಟು, ಈ ತಿದ್ದುಪಡಿಯನ್ನೇ ಎಲ್ಲ ಗ್ರಾಹಕರಿಗೂ ಕಳಿಸಿತು. ಅಪ್‌ಡೇಟಿನ ವಿವರಣೆಯಲ್ಲಿ ಇದ್ದದ್ದು "ಬೀಳುವಿಕೆಯ ಗುರುತಿಸುವಿಕೆ ಸುಧಾರಿಸಿದೆ" ಎಂಬ ಒಂದೇ ಸಾಲು. ಯಾವ ಯಾವ ಊರಿನಲ್ಲೋ ಅದನ್ನು ಓದಿದವರಿಗೆ ಹೊನ್ನೂರಿನ ಹುಲ್ಲು ಗೊತ್ತಿಲ್ಲ, ಶಿವಕುಮಾರನ ಚಾಪೆಯೂ ಗೊತ್ತಿಲ್ಲ. ನನಗೆ ಗೊತ್ತಿತ್ತು. ಆ ಸಾಲನ್ನು ಮನೆಯಲ್ಲಿ ಹೆಂಡತಿಗೆ ಎರಡು ಸಲ ಓದಿ ಹೇಳಿದೆ.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಶಿವಕುಮಾರನ ಫೋನ್ ಬಂತು. "ಸಾ, ವಾಚು ಫೋನ್ ಮಾಡ್ತು" ಎಂದ. ನಾನು ಕುರ್ಚಿಯಿಂದ ಎದ್ದೆ. "ಈ ಸಲ ನಿಜ್ವಾಗ್ಲೂ ಬಿದ್ದಿದ್ಳು ಸಾ. ಸ್ಟ್ಯಾಂಡಲ್ಲೇ ಇದ್ದೆ, ಓಡ್ಬಂದು ಮಗ್ಗುಲಿಗ ತಿರುಗ್ಸಿ ಮಲಗಿಸ್ದೆ. ಡಾಕ್ಟ್ರು ನೋಡುದ್ರು. ಏನೂ ಪೆಟ್ಟಾಗಿಲ್ಲ. ಕಾಪಿ ಕುಡೀತಾ ಕೂತವ್ಳೆ." ಹಿಂದಿನಿಂದ ಭಾರತಿಯ ದನಿ ಕೇಳಿಸಿತು, ನಾಳೆ ಮಗ್ಗಕ್ಕೆ ಕೂರುವ ಬಗ್ಗೆ ಯಾರೊಂದಿಗೋ ವಾದ ಮಾಡುತ್ತಿದ್ದಳು. ಫೋನಿಟ್ಟ ಮೇಲೆ ನಾನು ಕೌಂಟರಿನ ಹಿಂದೆ ಕೂತು ಕಣ್ಣೊರೆಸಿಕೊಂಡೆ.

ಕಂಪನಿಯ ಮುಂದಿನ ಮಾಡೆಲಿಗೆ ಗಾಳಿಯ ಒತ್ತಡದ ಸೆನ್ಸರೂ ಬಂತು. ಅದಕ್ಕೆ ನಮ್ಮ ದೂರುಗಳೂ ಒಂದು ಕಾರಣ ಎಂದು ಅನುಷಾ ಹೇಳಿದಳು.

ಈ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಅರಿವಾದದ್ದು ಇದು. ಆಸೆ ಬಿಟ್ಟವರು ಸರ್ವಿಸ್ ಸೆಂಟರಿಗೆ ಬರುವುದಿಲ್ಲ, ವಾಚನ್ನು ಬೀರುವಿನಲ್ಲಿ ಹಾಕಿ ಮರೆತುಬಿಡುತ್ತಾರೆ. ಕೂಗಾಡಿಕೊಂಡು ಬಂದವರೇ ಆ ವಸ್ತು ಇನ್ನೂ ಸರಿಹೋದೀತು ಎಂದು ನಂಬಿರುವವರು. ಈಗ ನನ್ನ ಕೈಕೆಳಗೆ ಕೆಲಸ ಕಲಿಯಲು ಬರುವವರಿಗೆ ನಾನು ಕಲಿಸುವ ಮೊದಲ ಪಾಠ ಸ್ಕ್ರೂಡ್ರೈವರಿನದಲ್ಲ. ದೂರು ಹೇಳುವವರ ವಾಚನ್ನು ಬಿಚ್ಚಿಸಿಕೊಳ್ಳುವ ಮುಂಚೆ, ಆ ಕೈ ದಿನವೆಲ್ಲ ಏನು ಕೆಲಸ ಮಾಡುತ್ತದೆ ಎಂದು ಕೇಳಿ ಎನ್ನುತ್ತೇನೆ.