ಹುಸಿರು ಮೇಡಂ

ಉಸಿರು ಎಳೆದುಕೊಂಡಾಗಲೆಲ್ಲ ಅವರ ಕತ್ತಿನ ಬುಡದಲ್ಲಿ ಒಂದು ಗುಳಿ ಬೀಳುತ್ತಿತ್ತು. ಹೆಬ್ಬೆರಳು ಇಡಬಹುದಾದಷ್ಟು ಆಳದ ಗುಳಿ. ಬೋರ್ಡಿನಿಂದ ಉದುರಿದ ಸೀಮೆಸುಣ್ಣದ ಪುಡಿ ಅದರಲ್ಲಿ ಬಂದು ಕೂರುತ್ತಿತ್ತು. ಮೇಡಂ ಸೆರಗಿನ ತುದಿಯಿಂದ ಅದನ್ನು ಒರೆಸಿಕೊಂಡು ಪಾಠ ಮುಂದುವರಿಸುತ್ತಿದ್ದರು. ಅವರಿಗೆ ಉಬ್ಬಸವಿತ್ತು. ವಾಕ್ಯದ ನಡುವೆ ಎಲ್ಲೆಂದರಲ್ಲಿ ನಿಂತುಬಿಡುತ್ತಿದ್ದರು. ‘ಸಸ್ಯಗಳು ತಮ್ಮ’ ಎಂದು ನಿಂತರೆ, ತಮ್ಮ ಏನು ಎಂದು ನಾವು ಬಾಯಿ ಬಿಟ್ಟುಕೊಂಡು ಕಾಯಬೇಕಿತ್ತು. ಉಬ್ಬಸದವರಿಗೆ ಸೀಮೆಸುಣ್ಣ ಹಿಡಿಯುವ ಕೆಲಸ ಕೊಟ್ಟವನು ಯಾವನೋ, ಅವನ ಬುದ್ಧಿಗಷ್ಟು ಬೆಂಕಿ ಹಾಕ.

ಹೊಳೆನರಸೀಪುರದಲ್ಲಿ ನಾನು ಓದಿದ ಹೈಸ್ಕೂಲಿಗೆ ಅವರು ಜೀವಶಾಸ್ತ್ರದ ಮೇಡಂ. ಹುಟ್ಟಿದ್ದು ಅರಕಲಗೂಡು ಕಡೆ, ಮನೆ ಹಾಸನದಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ಗುರುಗಳನ್ನು ದೇವರು ಮಾಡಿ ಕೂರಿಸುವ ಮಾತು ನನಗೆ ಆಗಿಬರುವುದಿಲ್ಲ, ಆದ್ದರಿಂದ ಅವರ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಇಸಕೊಂಡ ಛತ್ರಿಯನ್ನು ಅವರು ಯಾರಿಗೂ ವಾಪಸು ಕೊಟ್ಟವರಲ್ಲ. ಉತ್ತರಪತ್ರಿಕೆ ತಿದ್ದುವುದೆಂದರೆ ಮುಂದಿನ ಪರೀಕ್ಷೆ ಬರುವವರೆಗೂ ಎಳೆಯುತ್ತಿದ್ದರು. ಸಿಟ್ಟು ಬಂದರೆ ಕಿವಿ ಹಿಂಡುತ್ತಿದ್ದರು, ಹಿಂಡಿ ಮರೆತೂ ಬಿಡುತ್ತಿದ್ದರು.

ನನ್ನ ಕೊರತೆ ಬೇರೆ ಥರದ್ದು. ನಮ್ಮಪ್ಪನದು ತೆಂಗಿನಕಾಯಿ ವ್ಯಾಪಾರ. ನಮ್ಮ ಮನೆಯಲ್ಲಿ ಎಲ್ಲವೂ ಇತ್ತು, ‘ಹ’ ಅಕ್ಷರ ಒಂದನ್ನು ಬಿಟ್ಟು. ಹಾಲು ಆಲು, ಹಸು ಅಸು, ಊರ ಪಕ್ಕದ ಹೊಳೆಯೂ ಒಳೆಯೇ. ಕೆಳಗಿನ ತರಗತಿಗಳಲ್ಲಿ ಮೇಷ್ಟ್ರುಗಳು ನನ್ನನ್ನು ಗಟ್ಟಿಯಾಗಿ ಓದಲು ನಿಲ್ಲಿಸಿ, ನಕ್ಕು, ಬೈದು, ಮತ್ತೆ ಓದಿಸಿ ಮತ್ತೆ ನಕ್ಕರು. ಎಲ್ಲಿ ‘ಹ’ ಬೇಕು, ಎಲ್ಲಿ ಬೇಡ ಎಂಬುದೇ ನನಗೆ ತಿಳಿಯದೆ, ಇದ್ದರೆ ಇರಲಿ ಎಂದು ಕಂಡಕಂಡ ಪದಕ್ಕೆಲ್ಲ ಹಚ್ಚತೊಡಗಿದೆ. ಎಲೆ ಹೆಲೆಯಾಯಿತು, ಆಕಾಶ ಹಾಕಾಶವಾಯಿತು. ಆಗಂತೂ ನಗುವವರಿಗೆ ಹಬ್ಬ. ಕೊನೆಗೆ ನಾನು ಶಾಲೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟೆ. ಮನೆಯಲ್ಲಿ ಬಾಯಿಬಡುಕಿ, ಶಾಲೆಯಲ್ಲಿ ಮೂಗಿ. ಹತ್ತನೇ ತರಗತಿ ಮುಗಿಸಿ ಓದು ಬಿಟ್ಟುಬಿಡುವುದೆಂದು ಒಳಗೊಳಗೇ ತೀರ್ಮಾನವನ್ನೂ ಮಾಡಿಕೊಂಡಿದ್ದೆ.

ಹೊಸ ಪಾಠ ಶುರುವಾಗುವ ದಿನ ಮೇಡಂ ನನ್ನನ್ನು ಕರೆದು ಬೋರ್ಡಿನ ಮೇಲೆ ಶೀರ್ಷಿಕೆ ಬರೆಯಲು ಹೇಳಿದರು. ಉಸಿರಾಟದ ಪಾಠ. ನಾನು ಗುಂಡಗಿನ ಅಕ್ಷರದಲ್ಲಿ ‘ಹುಸಿರಾಟ’ ಎಂದು ಬರೆದೆ.

ಕೊನೆ ಬೆಂಚಿನಲ್ಲಿ ದೊಡ್ಡ ಗಂಟಲಿನ ಹುಡುಗನೊಬ್ಬ ಇದ್ದ. “ಲೇ, ಹುಸಿರಾಟವಂತೆ ಕಣ್ರಲಾ!” ಎಂದು ಅವನು ಕಿರುಚಿದ್ದೇ ತಡ, ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಮೇಡಂ ಬೋರ್ಡು ನೋಡುತ್ತಾ ನಿಂತರು. ಕತ್ತಿನ ಗುಳಿ ಒಂದೆರಡು ಸಲ ಬಿದ್ದು ಎದ್ದಿತು. ಆಮೇಲೆ ಹೇಳಿದರು: “ಯಾಕ್ರೋ ನಗ್ತೀರಿ? ಉಸಿರಾಟ ನಮ್ಮದು. ಹುಸಿರಾಟ ಹುಸಿರುಗಳದು. ಅವು ಬೇರೆ ಜೀವಿ.”

“ಎಲ್ಲಿವೆ ಮೇಡಂ?” ಎಂದ ಅದೇ ಹುಡುಗ.

“ಅಲ್ಲಿ.” ಮೇಡಂ ಸೀಮೆಸುಣ್ಣದಿಂದ ಹೆಂಚಿನ ಕಡೆ ತೋರಿಸಿದರು. “ನಕ್ಷತ್ರಗಳ ಕಡೆ. ಅಲ್ಲಿ ಗಾಳಿ ಬಹಳ ಕಮ್ಮಿ. ಗಾಳಿ ಕಮ್ಮಿ ಇದ್ರೆ ಮೈ ಹೆಂಗಿರಬೇಕು? ನಗ್ತಿದ್ದೆಯಲ್ಲ, ನೀನೇ ಹೇಳು.” ನಾನು ಡಸ್ಟರ್ ಹುಡುಕುತ್ತಿದ್ದೆ. ನನ್ನ ಕಡೆ ತಿರುಗಿ, “ಅಳಿಸಬೇಡ ತಾಯಿ. ಹೆಸರಿಟ್ಟವಳು ನೀನು” ಎಂದರು.

ನನ್ನ ಮಾನ ಉಳಿಸಲೆಂದೇ ಅದನ್ನು ಹೇಳಿದರೋ, ಉಸಿರು ಕಟ್ಟಿ ನಿಂತಾಗ ತಮಾಷೆಯಾಗಿ ಹೊಳೆಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಲೂ ಇಲ್ಲ.

ದೊಡ್ಡ ಗಂಟಲಿನವನು ತಲೆ ಕೆರೆದುಕೊಂಡು, “ಅಪ್ಪಳದಂಗೆ ತೆಳ್ಳಗಿರ್ಬೇಕು ಮೇಡಂ, ಮೈಗೆಲ್ಲ ಗಾಳಿ ತಾಗಂಗೆ” ಎಂದ. ಮೇಡಂ ಅವನಿಗೆ ಶಹಬ್ಬಾಸ್ ಹೇಳಿ ಕಪ್ಪೆಗೆ ಹೋದರು. ಕಪ್ಪೆ ಚರ್ಮದಲ್ಲೂ ಉಸಿರಾಡುತ್ತದೆ, ಅದಕ್ಕೆ ಚರ್ಮ ಒದ್ದೆ ಇರಬೇಕು. ಹಾಗಾದರೆ ಹುಸಿರುಗಳು ವಾಸ ಮಾಡುವುದೆಲ್ಲಿ? ನೀರಿನ ಹತ್ತಿರ. ನಮಗೆ ಗೊತ್ತಿದ್ದ ನೀರು ಹೇಮಾವತಿ ನಾಲೆಯದು. ಹೀಗೆ ಹುಸಿರುಗಳೆಲ್ಲ ಯಾವುದೋ ಲೋಕದ ನಾಲೆ ಏರಿಯ ಮೇಲೆ ಸಾಲಾಗಿ ನೆಲೆಗೊಂಡವು. ಹೀಗೇ ಮುಂದಿನ ಪಾಠಗಳೂ ನಡೆದವು. ಮನುಷ್ಯನದು ಮುಗಿದ ಮೇಲೆ ಹುಸಿರಿನದು. ಶಾಲೆಯಲ್ಲಿ ಅವರಿಗೆ ಹುಸಿರು ಮೇಡಂ ಎಂದೇ ಹೆಸರು ಬಿತ್ತು.

ಅಷ್ಟು ಕಮ್ಮಿ ಗಾಳಿಯಲ್ಲಿ ಒಂದು ಹುಸಿರು ಒಂಟಿಯಾಗಿ ಬದುಕಲು ಆಗುವುದಿಲ್ಲ ಎಂದು ತರಗತಿ ತೀರ್ಮಾನಿಸಿತು. ಅದಕ್ಕೆ ಕಿವಿಯ ಹಿಂದೆ ಕುಂಬಳ ಬಳ್ಳಿಯಂಥ ಒಂದು ಕೊಳವೆ. ಒಂದು ಎಳೆದುಕೊಂಡ ಉಸಿರು ಪಕ್ಕದ್ದಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ. “ಮೂರನೇದಕ್ಕೆ ಹೋಗೋ ಹೊತ್ತಿಗೆ ಆಮ್ಲಜನಕ ಎಲ್ಲಿ ಉಳಿದಿರ್ತದೆ?” ಎಂದು ಮೇಡಂ ತಡೆದರು. ಹುಸಿರುಗಳೆಲ್ಲ ಅವತ್ತೇ ಸಾಯುವ ಹಾಗೆ ಕಂಡಿತು.

“ಅಸ್ರಾಗ್ತವೆ” ಎಂದೆ ನಾನು.

“ಏನು?”

“ವಯಸ್ಸಾದೋವು, ಮೇಡಂ. ಎಲೆ ತರ ಅಸ್ರಾಗ್ತವೆ. ಬಿಸ್ಲಲ್ಲಿ ಕೂತ್ಕಂಡು ಮಿಕ್ಕೋವ್ಕೆ ಗಾಳಿ ಮಾಡ್ಕೊಡ್ತವೆ.”

ಎಷ್ಟೋ ಕಾಲದ ಮೇಲೆ ತರಗತಿಯಲ್ಲಿ ಆಡಿದ ಮಾತು. ಮೇಡಂ ಹಸಿರೆಂದು ತಿದ್ದಲಿಲ್ಲ. ಬೋರ್ಡಿನ ಮೇಲೆ ಸಾಲಾಗಿ ಕೂತ ಹಪ್ಪಳಗಳ ನಡುವೆ ಅಲ್ಲೊಂದು ಇಲ್ಲೊಂದಕ್ಕೆ ಎಲೆಯ ನರ ಬರೆದರು. ಅಲ್ಲಿಗೆ ಹುಸಿರುಗಳ ರೀತಿನೀತಿಯೂ ತಾನಾಗಿ ಬಂತು. ಮುದಿ ಹುಸಿರನ್ನು ಮೂಲೆಗೆ ಕೂರಿಸುವ ಹಾಗಿಲ್ಲ, ಬಿಸಿಲು ಬೀಳುವ ಒಳ್ಳೆಯ ಜಾಗ ಅದರದೇ. ಜಗಳವಾಡಬೇಕಾದರೆ ಕೊಳವೆ ಬಿಚ್ಚಬೇಕು, ಆದ್ದರಿಂದ ಯಾವ ಜಗಳವೂ ಉಸಿರು ಕಟ್ಟಿ ಹಿಡಿಯುವಷ್ಟು ಹೊತ್ತಿಗಿಂತ ಹೆಚ್ಚು ನಡೆಯುವುದಿಲ್ಲ. ಎದುರು ಸಿಕ್ಕಾಗ ನಮಸ್ಕಾರವಿಲ್ಲ, ‘ನಂದು ತಗೋ’ ಅನ್ನುವುದು. “ಪಕ್ಕದ್ದು ಬೆಳ್ಳುಳ್ಳಿ ತಿಂದಿದ್ರೆ ಗತಿಯೇನು?” ಎಂದ ದೊಡ್ಡ ಗಂಟಲಿನವನು. ಮೇಡಂ ಅದನ್ನೂ ಗಂಭೀರವಾಗಿಯೇ ತೆಗೆದುಕೊಂಡರು. ಅವತ್ತಿನಿಂದ ಹುಸಿರುಗಳೆಲ್ಲ ಸೇರಿ ಒಂದೇ ಅಡುಗೆ ಉಣ್ಣುವ ಪದ್ಧತಿ ಮಾಡಿಕೊಂಡವು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಯಾರೋ ಪುಣ್ಯಾತ್ಮ ಶ್ವಾಸಕೋಶದ ಚಿತ್ರದ ಜಾಗದಲ್ಲಿ ಹುಸಿರನ್ನು ಬರೆದಿಟ್ಟ. ಹೆಡ್‌ಮಾಸ್ಟರು ತರಗತಿಯ ಬಾಗಿಲಿಗೇ ಬಂದರು. “ಇಲ್ಲದೇ ಇರೋ ಪ್ರಾಣಿ ಪಾಠ ಮಾಡ್ತಿದೀರಂತಲ್ಲ ಮೇಡಂ, ಇದ್ಯಾವ ಸಿಲಬಸ್ಸು?”

“ಇಲ್ಲದೇ ಇರೋದು ಹೆಂಗೆ ಬದುಕ್ತದೆ ಅಂತ ಕೇಳೋದು ಕಲಿತ್ರೆ, ಇರೋದನ್ನ ಬಾಯಿಪಾಠ ಮಾಡಬೇಕಾಗಲ್ಲ ಸಾರ್” ಎಂದರು ಮೇಡಂ, ನಡುವೆ ನಾಲ್ಕು ಕಡೆ ನಿಂತು.

“ಪಬ್ಲಿಕ್ ಪರೀಕ್ಷೇಲಿ ಫೇಲಾದ್ರೆ ನಿಮ್ಮ ಹುಸಿರೇ ಬಂದು ಉತ್ತರ ಕೊಡ್ಬೇಕು ನೋಡಿ” ಎಂದು ಹೇಳಿ ಹೆಡ್‌ಮಾಸ್ಟರು ಹೋದರು. ಹುಸಿರು ಬರಬೇಕಾಗಲಿಲ್ಲ.

ಒಂದು ಮಧ್ಯಾಹ್ನ ಪಾಠದ ನಡುವೆ ಮೇಡಂ ನಿಂತರು. ಮತ್ತೆ ಶುರು ಮಾಡಲಿಲ್ಲ. ಮೇಜು ಹಿಡಿದುಕೊಂಡರು, ಗುಳಿ ಬಿದ್ದದ್ದು ಏಳಲೇ ಇಲ್ಲ, ತುಟಿ ನೀಲಿಯಾಗುತ್ತಾ ಬಂತು. ಹುಡುಗರು ಏನು ಮಾಡಿದರು ಗೊತ್ತೇ? ಎಲ್ಲರೂ ಓಡಿಹೋಗಿ ಅವರನ್ನು ಸುತ್ತುಗಟ್ಟಿ, ಒಬ್ಬರ ಭುಜಕ್ಕೊಬ್ಬರು ಅಂಟಿಕೊಂಡು ನಿಂತರು. ಹುಸಿರುಗಳಲ್ಲಿ ಒಂದಕ್ಕೆ ಉಸಿರು ಕಟ್ಟಿದರೆ ಮಿಕ್ಕವು ಹಾಗೆ ಮಾಡಬೇಕೆಂದು ಹಿಂದಿನ ವಾರವಷ್ಟೇ ತೀರ್ಮಾನವಾಗಿತ್ತು. ಎಲ್ಲರಿಗಿಂತ ಹತ್ತಿರ ನಿಂತಿದ್ದವನು ಆ ದೊಡ್ಡ ಗಂಟಲಿನವನೇ. ಅಳುತ್ತಿದ್ದ.

“ಆಚೆ ಓಗ್ರಲಾ! ಗಾಳಿ ಬರ್ಲಿ! ಮೇಡಂ ಹುಸಿರಲ್ಲ ಕಣ್ರಲಾ, ಮನುಷ್ಯರು!” ಎಂದು ಕಿರುಚಿದವಳು ನಾನು. ಪಕ್ಕದ ತರಗತಿಯವರೂ ಎದ್ದು ಬಂದರಂತೆ. ಹುಡುಗರನ್ನು ತಳ್ಳಿ, ಅವರ ಕೈಚೀಲ ಸುರಿದು, ಬಾಯಿಗೆ ಹೊಡೆದುಕೊಳ್ಳುವ ಉಬ್ಬಸದ ನೀಲಿ ಪಂಪು ಹುಡುಕಿ ಕೈಗಿಟ್ಟೆ. ಅವರು ಸತ್ತೇ ಹೋಗುತ್ತಾರೆಂದು ನನಗೆ ಬಹಳ ಭಯವಾಗಿತ್ತು.

ಮಾರನೆಯ ದಿನ ಬಂದಾಗ ಮೇಡಂ ಥ್ಯಾಂಕ್ಸ್ ಹೇಳಲಿಲ್ಲ. “ನಿನ್ನೆ ನನಗೆ ಕಣ್ಣುಕತ್ತಲೆ ಬಂದಿತ್ತು. ನಿನ್ನ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸ್ತು. ಮುಂದಕ್ಕೆ ಓದು” ಎಂದರು. ಅಪ್ಪ ಕೇಳಿದಾಗ ಮುಂದಕ್ಕೆ ಓದುತ್ತೇನೆಂದು ಹೇಳಿದೆ.

ಹುಸಿರುಗಳ ವಿಷಯದಲ್ಲಿ ಒಂದೇ ಒಂದು ಪ್ರಶ್ನೆ ಬಾಕಿ ಉಳಿಯಿತು. ಸತ್ತಾಗ ಏನಾಗುತ್ತದೆಂದು ಅವು ನಂಬುತ್ತವೆ? ಒಬ್ಬನು ಸ್ವರ್ಗ ಎಂದ, ಒಬ್ಬಳು ಗೊಬ್ಬರ ಎಂದಳು. “ಅದು ಬಯಾಲಜಿ ಅಲ್ಲ, ಅವುಗಳ ನಂಬಿಕೆ. ನಾನು ಹೇಳೋ ಹಾಗಿಲ್ಲ. ಹೆಸರಿಟ್ಟವಳು ಹೇಳಲಿ” ಎಂದರು ಮೇಡಂ. ನನಗೆ ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಪರೀಕ್ಷೆ ಬಂತು, ನಾವೆಲ್ಲ ಚದುರಿದೆವು.

ಈಗ ನಾನು ಹಾಸನದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತೇನೆ. ಉಸಿರು ಎಳ್ಕೊಳಿ, ಹಿಡ್ಕೊಳಿ, ಬಿಡಿ. ದಿನವಿಡೀ ಇದೇ ಮಾತು. ಹಳೆಯ ರೂಢಿ ಎಲ್ಲಿ ಹೋಗುತ್ತದೆ, ಕೆಲವೊಮ್ಮೆ ಇಡ್ಕೊಳಿ ಅನ್ನುತ್ತೇನೆ. ರೋಗಿಗಳು ಹಿಡಿದುಕೊಳ್ಳುತ್ತಾರೆ.

ಹೋದ ವರ್ಷ ಒಂದು ಬೆಳಿಗ್ಗೆ ಎದೆಯ ಎಕ್ಸ್‌ರೇಗೆ ಬಂದ ವಯಸ್ಸಾದ ಹೆಂಗಸೊಬ್ಬರನ್ನು ಪ್ಲೇಟಿಗೆ ಎದೆ ಒತ್ತಿ ನಿಲ್ಲಿಸಿದೆ. ಸಣಕಲು ಮೈ. ಮುಖ ನೋಡಿ ಗುರುತು ಹತ್ತಿರಲಿಲ್ಲ. ಗಲ್ಲ ಎತ್ತಿಸುವಾಗ ಕತ್ತಿನ ಬುಡದ ಗುಳಿ ಕಂಡಿತು. ನಾನು ಒಳಗೆ ಹೋಗಿ ಗಾಜಿನ ಹಿಂದೆ ನಿಂತು, “ಉಸಿರು ಎಳ್ಕೊಳಿ” ಎಂದೆ.

“ಯಾವುದಮ್ಮ? ಉಸಿರೋ, ಹುಸಿರೋ?” ಎಂದರು ಮೇಡಂ, ಆ ಕಡೆ ತಿರುಗಿಕೊಂಡೇ.

ನಾನು ಬಟನ್ ಒತ್ತುವುದನ್ನೇ ಮರೆತೆ. ಎರಡನೇ ಸಲ ಸರಿಯಾಗಿ ತೆಗೆದೆ. ಪರದೆಯ ಮೇಲೆ ಮೂಡಿದ್ದನ್ನು ಓದಿ ಹೇಳುವ ಅಧಿಕಾರ ನನಗಿಲ್ಲ, ಆದರೆ ಅಷ್ಟು ಎದೆಗಳನ್ನು ನೋಡಿದ ಮೇಲೆ ತಿಳಿಯದೇ ಇರುವುದಿಲ್ಲ. ಅವರು ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುತ್ತಾ ನನ್ನ ಮುಖವನ್ನೇ ಓದಿಬಿಟ್ಟರು.

“ಅದೊಂದು ಬಾಕಿ ಉಳೀತಲ್ಲ” ಎಂದರು. “ಸತ್ರೆ ಏನಾಗ್ತದೆ?”

“ಕೊನೇ ಉಸಿರ್ನ ಪಕ್ಕದೋರಿಗೆ ಕೊಟ್ಟು ಓಗ್ತವೆ ಮೇಡಂ” ಎಂದೆ. ಅದೆಲ್ಲಿಂದ ಬಂತೋ ಕಾಣೆ. “ಇಸ್ಕಂಡೋರು ಅದನ್ನ ಒಳಗಿಟ್ಕಂಡು ಸುಮ್ನೆ ಕೂರಂಗಿಲ್ಲ. ಮಾತಾಡ್ಬೇಕು. ಮಾತಾಡಿದ್ರೇನೇ ಅದು ಮುಂದಿನೋರಿಗೆ ಓಗೋದು.”

ಮೇಡಂ ಉತ್ತರಪತ್ರಿಕೆ ತಿದ್ದುವವರ ಹಾಗೆ ಗಾಳಿಯಲ್ಲಿ ಬೆರಳಿನಿಂದ ಸರಿ ಗುರುತು ಹಾಕಿದರು. “ಬಯಾಲಜಿ ಸರಿಯಾಗಿದೆ” ಎಂದರು. “ಬಿಡೋ ಉಸಿರಲ್ಲೇ ಮಾತು ಬರೋದು.” ಹೊರಗೆ ಮಳೆ ಹನಿಯುತ್ತಿತ್ತು. ಹೋಗುವಾಗ ನನ್ನ ಛತ್ರಿ ಕೇಳಿ ತೆಗೆದುಕೊಂಡು ಹೋದರು.

ಅದು ವಾಪಸು ಬರಲಿಲ್ಲ. ಗೊರೂರು ಅಣೆಕಟ್ಟಿನಿಂದ ನಾಲೆಗೆ ನೀರು ಬಿಟ್ಟ ವಾರದಲ್ಲಿ ಮೇಡಂ ತೀರಿಕೊಂಡರು. ಶಾಲೆಯಲ್ಲಿ ಒಂದು ಸಂತಾಪ ಸಭೆ ಇಟ್ಟರು. ಅವರ ಫೋಟೋ, ಅದಕ್ಕೊಂದು ಹಾರ, ಮುಂದಿನ ಸಾಲಿನಲ್ಲಿ ಶುದ್ಧ ಕನ್ನಡದ ಮೇಷ್ಟ್ರುಗಳು. ಹಳೆಯ ವಿದ್ಯಾರ್ಥಿಗಳು ಯಾರಾದರೂ ಮಾತಾಡಬೇಕೆಂದರು. ಕೂಗಿದ್ದು ನನ್ನ ಹೆಸರನ್ನು. ನಾನು ಹುಟ್ಟಿದಾಗಿನಿಂದ ಮೈಕು ಮುಟ್ಟಿದವಳಲ್ಲ. ಬೇಡ ಎನ್ನಲು ಬಾಯಿ ತೆರೆದೆ. ಎಕ್ಸ್‌ರೇ ಕೋಣೆಯಲ್ಲಿ ನಾನೇ ಕೊಟ್ಟ ಉತ್ತರ ನೆನಪಾಯಿತು. ಎದ್ದು ಹೋದೆ.

ಮೊದಲ ವಾಕ್ಯದಲ್ಲೇ ಎಡವಿದೆ. “ನಮ್ಮ ಮೇಡಂ ಅವರ ಹುಸಿರು ನಿಂತ ಸುದ್ದಿ ಕೇಳಿ” ಎಂದುಬಿಟ್ಟೆ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕಿವಿ ಬಿಸಿಯಾಯಿತು. ಮತ್ತೆ ಅದೇ ಬೋರ್ಡು, ಅದೇ ಅಕ್ಷರ. ಮಾತು ಅಲ್ಲಿಗೇ ನಿಂತುಹೋಯಿತು.

ಆಗ ಹಿಂದಿನಿಂದ ಒಂದು ದೊಡ್ಡ ಗಂಟಲು ಕೇಳಿಸಿತು. ಕೊನೆ ಬೆಂಚಿನ ಅದೇ ಹುಡುಗ. ಈಗ ಬಸ್ ಕಂಡಕ್ಟರ್. ಡ್ಯೂಟಿಯ ಖಾಕಿಯಲ್ಲೇ ಬಂದು ಗೋಡೆಗೆ ಒರಗಿ ನಿಂತಿದ್ದ.

“ಉಸ್ರು ನಿಲ್ತದೆ ಕಣಮ್ಮಿ” ಎಂದ. “ಹುಸಿರು ನಿಲ್ಲಾಕಿಲ್ಲ. ನೀನು ಮಾತಾಡು.”

ನಾನು ಉಸಿರು ಎಳೆದುಕೊಂಡು ಮುಂದಕ್ಕೆ ಮಾತಾಡಿದೆ.