ಕುಣಿಗಲ್ಲಿನವಳಿಗೆ ಕಡಬ ಕೊಟ್ಟಿದ್ದು

ಕುಣಿಗಲ್ಲಿನ ಹುಡುಗಿ ಕಡಬದಿಂದ ವಾಪಸ್ ಬಂದು "ಇವತ್ತು ಜಗಲಿ ತುಂಬಾ ಜನ ಅಕ್ಕ" ಅಂದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಇದು ಶುದ್ಧ ಹೊಟ್ಟೆಕಿಚ್ಚು, ಇದಕ್ಕೆ ಬೇರೆ ಚಂದದ ಹೆಸರಿಡುವ ಉದ್ದೇಶ ನನಗಿಲ್ಲ. ಗುಂಪು ಕಟ್ಟಿದವಳು ನಾನು. ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದಾಗ ಕ್ಲಾಸಿನ ನಾಲ್ಕು ಹುಡುಗಿಯರನ್ನು ಹಿಡಿದು ತಂದು, ಉಪ್ಪಾರಹಳ್ಳಿಯ ನಮ್ಮ ಮನೆ ಮಹಡಿಯ ಶೀಟಿನ ರೂಮಿನಲ್ಲಿ ಕೂರಿಸಿದ್ದೆ. ಮುಟ್ಟಾದರೆ ನಾಚಿಕೆ ಯಾಕೆ, ನಮ್ಮ ಮದುವೆ ಯಾವಾಗ ಅಂತ ಹೇಳುವವರು ಯಾರು, ಮಕ್ಕಳು ಎಷ್ಟು ಅಂತ ತೀರ್ಮಾನಿಸುವವರು ಯಾರು ಎಂದು ಅವರ ತಲೆ ತಿಂದಿದ್ದೆ. ಆಮೇಲೆ ಭಾನುವಾರ ಬಂದರೆ ಬಸ್ ಹತ್ತಿ ಹಳ್ಳಿಗಳಿಗೆ ಹೋಗಿ ಹೆಂಗಸರ ಜೊತೆ ಇದನ್ನೇ ಮಾತಾಡುವುದು ನಮ್ಮ ಕೆಲಸವಾಯಿತು. ಕುಣಿಗಲ್ಲಿನ ಆ ಹುಡುಗಿ ನಮ್ಮನ್ನು ಸೇರಿದ್ದು ತೀರಾ ಈಚೆಗೆ.

ಅವಳಿಗೆ ಕಡಬ ಸಿಕ್ಕಿದ್ದು ನಾನೇ ಮಾಡಿದ ಒಂದು ನಿಯಮದಿಂದ. ಕಡಬ ನಮ್ಮ ಅಕ್ಕನನ್ನು ಕೊಟ್ಟ ಊರು. ಮೊದಲ ಸಲ ಅಲ್ಲಿಗೆ ಮೀಟಿಂಗ್ ಮಾಡಲು ನಾನೇ ಹೋಗಿದ್ದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಕೂತರು. ನಾನು ಕಾಪರ್ ಟಿ ಅಂದಾಗಲೆಲ್ಲ ಅಕ್ಕನ ಅತ್ತೆಯ ಮುಖ ನೋಡಿದರು. ಅತ್ತೆ ಎಲ್ಲರಿಗೂ ಕಾಫಿ ಕೊಟ್ಟು, "ನಮ್ ಸೊಸೆ ತಂಗಿ ಕಣ್ರವ್ವ, ಇವ್ಳಿಗೂ ಎಲ್ಲಾದ್ರೂ ಒಂದ್ ಗಂಡು ನೋಡಿ" ಅಂದರು. ಅಷ್ಟೇ, ಮೀಟಿಂಗು ಗಂಡು ಹುಡುಕುವ ಕಡೆ ತಿರುಗಿತು. ಸಂಜೆ ನಾನು ಬಸ್ ಹತ್ತುವ ಹೊತ್ತಿಗೆ ಒಬ್ಬ ಇಂಜಿನಿಯರಿನ ಜಾತಕದ ತನಕ ಮಾತು ಮುಟ್ಟಿತ್ತು. ಮೈಯೆಲ್ಲ ಉರಿದುಕೊಂಡು ಮನೆಗೆ ಬಂದವಳು, ನೆಂಟರಿರುವ ಊರಿಗೆ ನಮ್ಮಲ್ಲಿ ಯಾರೂ ಹೋಗುವಂತಿಲ್ಲ ಎಂದು ನಿಯಮ ಮಾಡಿದೆ. ಎಲ್ಲರೂ ಹೊಗಳಿದರು, ನಾನೂ ಬೀಗಿದೆ. ಹಾಗಾಗಿ ಕಡಬ ಕುಣಿಗಲ್ಲಿನವಳ ಪಾಲಿಗೆ ಹೋಯಿತು, ಕುಣಿಗಲ್ ಪಕ್ಕದ ಒಂದು ಹಳ್ಳಿ ನನ್ನ ಪಾಲಿಗೆ ಬಂತು.

ಅವಳಿಗೆ ಮಾತಾಡಲು ಬರುವುದಿಲ್ಲ. ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಬೆವರುತ್ತಾಳೆ. ಅವಳಿಗೆ ಗೊತ್ತಿದ್ದದ್ದೆಲ್ಲ ನಾನು ಹೇಳಿಕೊಟ್ಟಿದ್ದು. ಆದರೆ ಅವರೆಕಾಯಿ ಕಾಲ ಬಂದಾಗ ಅವಳೊಂದು ದಾರಿ ಕಂಡುಕೊಂಡಳು. ಕಡಬದಲ್ಲಿ ಯಾರದಾದರೂ ಜಗಲಿಯ ಮೇಲೆ ಹೆಂಗಸರು ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದರೆ ಇವಳೂ ಹೋಗಿ ಪಕ್ಕದಲ್ಲಿ ಕೂತು ಬೇಸಿನ್ನಿಗೆ ಕೈ ಹಾಕುತ್ತಿದ್ದಳು. ಕಾಳು ಹಿದುಕುವಾಗ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಕಣ್ಣೆಲ್ಲ ಕೈಯ ಮೇಲೆ. ಸಿಪ್ಪೆ ಗುಡ್ಡೆ ಬೀಳುವಷ್ಟರಲ್ಲಿ ಬಸಿರು, ಬಾಣಂತನ, ಬೇಡವೆಂದರೂ ಕೇಳದ ಗಂಡಂದಿರು, ಎಲ್ಲ ತಾನಾಗಿ ಹೊರಗೆ ಬರುತ್ತಿತ್ತಂತೆ. ನಮ್ಮ ರೂಮಿನಲ್ಲಿ ಅವಳನ್ನು ಹೊಗಳಿದ್ದೇ ಹೊಗಳಿದ್ದು. ನಾನು ನಿದ್ದೆಗೆಟ್ಟು ಬರೆದ ಬಣ್ಣಬಣ್ಣದ ಚಾರ್ಟುಗಳು ಬೀರುವಿನ ಹಿಂದೆ ಸೇರಿದವು.

ಅವಳಿಗೆ ಬರುವುದು ನನಗೆ ಬಾರದೇ ಹೋಗುತ್ತದೆಯೇ? ಮುಂದಿನ ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಸುಲಿದ ಅವರೆಕಾಳು ಎರಡು ಕೆಜಿ ಕೊಂಡು ಕುಣಿಗಲ್ ಬಸ್ ಹತ್ತಿದೆ. ಹಳ್ಳಿಯಲ್ಲಿ ಹೆಂಗಸರನ್ನೆಲ್ಲ ಕರೆದು ಒಂದು ಜಗಲಿಯ ಮೇಲೆ ಕೂರಿಸಿ, ಕಾಳು ನಡುವೆ ಸುರಿದು, "ಬನ್ನಿ, ಹಿದುಕ್ತಾ ಮಾತಾಡೋಣ" ಅಂದೆ. ಒಬ್ಬಾಕೆ ಒಂದು ಕಾಳು ತೆಗೆದು ಒತ್ತಿದಳು. ಸಿಪ್ಪೆ ಜಪ್ಪಯ್ಯ ಅಂದರೂ ಬಿಡಲಿಲ್ಲ. ಇನ್ನೊಬ್ಬಳು ಒತ್ತಿದಳು, ಕಾಳು ಜಜ್ಜಿಹೋಯಿತು.

"ಇದೇನವ್ವ, ನೆನೆಸ್ದೆ ತಂದಿದೀಯ?"

ಹಿದುಕುವ ಕಾಳನ್ನು ರಾತ್ರಿಯೇ ನೀರಿಗೆ ಹಾಕಬೇಕೆಂಬುದು ಅಮ್ಮ ಹಿದುಕಿಟ್ಟ ಬೇಳೆಯ ಸಾರನ್ನು ಉಂಡುಕೊಂಡೇ ಬೆಳೆದ ನನಗೆ ಹೊಳೆದೇ ಇರಲಿಲ್ಲ. ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ, "ಕಾಳ್ ನೆನೆಸೋದ್ ಗೊತ್ತಿಲ್ದೋಳು, ಮಕ್ಕಳು ಯಾವಾಗ ಆಗ್ಬೇಕು ಅಂತ ನಮ್ಗೆ ಹೇಳ್ಕೊಡಕ್ಕೆ ಬಂದವ್ಳೆ" ಅಂದಳು. ಜಗಲಿಗೆ ಜಗಲಿಯೇ ನಕ್ಕಿತು. ನಾನೂ ಹಲ್ಲು ಕಿರಿದೆ. ಒಳಗೊಳಗೇ ಕುಣಿಗಲ್ಲಿನವಳಿಗೆ ಹಿಡಿಶಾಪ ಹಾಕಿದೆ.

ಇಷ್ಟೇ ಆಗಿದ್ದರೆ ನಾಲ್ಕು ದಿನ ಮುಖ ಊದಿಸಿಕೊಂಡು ಮರೆಯುತ್ತಿದ್ದೆನೇನೋ. ಸಂಕ್ರಾಂತಿಗೆ ಅಕ್ಕ ಮಕ್ಕಳನ್ನು ಕರೆದುಕೊಂಡು ಉಪ್ಪಾರಹಳ್ಳಿಗೆ ಬಂದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಮೂರನೆಯದು ಗಂಡೇ ಆಗುತ್ತದೆ ಅಂತ ಯಾರೋ ಶಾಸ್ತ್ರ ಹೇಳಿದ್ದನ್ನು ಹಿಡಿದುಕೊಂಡು ಅವಳ ಅತ್ತೆ ಕೈತೊಳೆದುಕೊಂಡು ಬೆನ್ನು ಹತ್ತಿದ್ದರು. ಬಾವ ಬಿದರೆಹಳ್ಳಿ ಕಾವಲಿನ ಫ್ಯಾಕ್ಟರಿಗೆ ಹೋಗಿ ಹೆಲಿಕಾಪ್ಟರ್ ಜೋಡಿಸುತ್ತಾರೆ, ಮನೆಗೆ ಬಂದರೆ ತಮ್ಮ ಅಮ್ಮ ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ. ಅಕ್ಕನಿಗೆ ಇನ್ನೊಂದು ಹೆರಿಗೆ ಬೇಡ. ಎರಡನೆಯದರಲ್ಲೇ ರಕ್ತ ನಿಲ್ಲದೆ ಅವಳು ಸತ್ತು ಬದುಕಿದ್ದಳು, ಆಸ್ಪತ್ರೆಯಲ್ಲಿ ಅವಳ ಕಾಲು ಹಿಡಿದುಕೊಂಡು ಕೂತಿದ್ದವಳು ನಾನು. ಇವತ್ತಲ್ಲ ನಾಳೆ ಅವಳು ನನ್ನನ್ನೇ ಕೇಳುತ್ತಾಳೆ ಅಂತ ನಾನು ಕಾದಿದ್ದೆ. ಇಷ್ಟು ಊರು ಸುತ್ತಿ ಮಾತಾಡಲು ಕಲಿತದ್ದೇ ಅದಕ್ಕೆ ಅಂತ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಹಬ್ಬದ ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಎಳ್ಳು ಬೆಲ್ಲದ ಡಬ್ಬಿ ತುಂಬುತ್ತಿದ್ದೆವು. ಅವಳು ಕೇಳಲಿಲ್ಲ ಅಂತ ನಾನೇ ಶುರು ಮಾಡಿದೆ.

"ನಾಳಿದ್ದು ನಿನ್ ಜೊತೇನೇ ಬರ್ತೀನಿ. ನಿಮ್ಮತ್ತೆ ಹತ್ರ ನಾನೇ ಮಾತಾಡ್ತೀನಿ. ನಿಯಮ ಗಿಯಮ ಎಲ್ಲ ಆಮೇಲೆ."

ಅಕ್ಕನ ಮುಖ ಸಣ್ಣಗಾಯಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

"ಬರ್ಬೇಡ ಕಣೇ. ಅದು ಆಗೋಯ್ತು."

"ಏನ್ ಆಗೋಯ್ತು?"

"ಕಾಪರ್ ಟಿ ಹಾಕ್ಸ್ಕೊಂಡೆ. ಗುಬ್ಬಿ ಆಸ್ಪತ್ರೇಲಿ. ನಿಮ್ ಕುಣಿಗಲ್ ಹುಡ್ಗಿ ಜೊತೆಗ್ ಬಂದಿದ್ಲು. ಮನೇಲಿ ಯಾರ್ಗೂ ಗೊತ್ತಿಲ್ಲ. ಗಂಡನ್ ಸಹಿ ಏನೂ ಬೇಕಾಗಿಲ್ಲ ಅಂತ ಅವ್ಳೇ ಹೇಳಿದ್ದು."

ಗಂಡನ ಸಹಿ ಬೇಕಾಗಿಲ್ಲ ಅನ್ನುವುದು ಅವಳಿಗೆ ನಾನು ಹೇಳಿಕೊಟ್ಟ ಮಾತು! ನನ್ನ ಮಾತು ಅವಳ ಬಾಯಿಂದ ನನ್ನ ಅಕ್ಕನಿಗೆ ತಲುಪಿತ್ತು. ಅಕ್ಕ ಬಚಾವಾದಳಲ್ಲ ಅಂತ ಮೊದಲು ಸಂತೋಷವಾಗಬೇಕಿತ್ತು. ಅದು ಆಮೇಲೆ ಆಯಿತು.

"ನಾನ್ ಸತ್ತೋಗಿದ್ನಾ? ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗ್ ಹೇಳಿದ್ರೆ ನೀನ್ ಸುಮ್ನಿರ್ತಿದ್ದಾ? ನಮ್ಮತ್ತೆ ಮುಂದೆ ಬಂದ್ ನ್ಯಾಯ ಹೇಳ್ತಿದ್ದೆ. ಗೆದ್ದೂ ಬುಡ್ತಿದ್ದೆ. ಆಮೇಲ್ ನೀನು ಬಸ್ ಹತ್ಕೊಂಡ್ ತುಮಕೂರಿಗೆ ಬಂದ್ಬುಡ್ತೀಯ, ಅಲ್ಲಿ ಇರ್ಬೇಕಾದೋಳು ನಾನಲ್ವ?"

"ಅವ್ಳಿಗೆ ಮಾತ್ರ ಹೇಳ್ಬೋದಾ?"

"ಅವ್ಳು ಏನೂ ಕೇಳ್ಲಿಲ್ಲ ಕಣೇ. ಎಲ್ರೂ ಎದ್ದೋದ್ಮೇಲೂ ಕಾಳ್ ಹಿದುಕ್ತಾ ಕೂತಿದ್ಲು. ನಂಗೇ ಬಾಯಿಗ್ ಬಂತು."

ಡಬ್ಬಿ ಅಲ್ಲೇ ಬಿಟ್ಟು ಮಹಡಿಗೆ ಹೋದೆ. ಅಮ್ಮ ಕೆಳಗಿನಿಂದ ಕೂಗಿದರೂ ಇಳಿಯಲಿಲ್ಲ. ಮುಂದಿನ ಭಾನುವಾರ ಕಡಬ ಅವಳಿಂದ ಕಿತ್ತುಕೊಳ್ಳಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ನಿಯಮ ಮಾಡಿದವಳಿಗೆ ಮುರಿಯಲೂ ಗೊತ್ತು. ಏನು ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು ಎಂದು ವಾರವಿಡೀ ಅಭ್ಯಾಸ ಮಾಡಿದೆ.

ಭಾನುವಾರ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಸಿಕ್ಕೆವು. ಅವಳು ಗುಬ್ಬಿ ಬಸ್ಸಿಗೆ ಕಾಯುತ್ತಿದ್ದಳು, ಅಲ್ಲಿಂದ ಕಡಬಕ್ಕೆ ಇನ್ನೊಂದು ಬಸ್ಸು. ಹೆಗಲಿಗೆ ಅದೇ ಹಳೆಯ ಬ್ಯಾಗು. ನನ್ನನ್ನು ನೋಡಿ ನಕ್ಕಳು, ಕಡಲೆಕಾಯಿ ಪೊಟ್ಟಣ ಮುಂದೆ ಹಿಡಿದಳು. ನಾನು ಕೇಳಿದ್ದರೆ ಕಡಬವನ್ನೂ ಹಾಗೆಯೇ ಕೊಟ್ಟುಬಿಡುತ್ತಿದ್ದಳು, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಆದರೆ ಕಡಬದಲ್ಲಿ ಅಕ್ಕ ಇದ್ದಾಳೆ, ಕಾಪರ್ ಟಿ ಹಾಕಿಸಿಕೊಂಡ ಮೇಲೆ ಒಂದು ಸಲ ತೋರಿಸಿಕೊಂಡು ಬರಬೇಕು, ನಾನು ಜೊತೆಗೆ ಹೋದರೆ ಅವಳ ಅತ್ತೆಗೆ ಅರ್ಧ ದಿನದಲ್ಲಿ ವಾಸನೆ ಹತ್ತುತ್ತದೆ. ವಾರವಿಡೀ ಅಭ್ಯಾಸ ಮಾಡಿದ ಮಾತನ್ನು ಕೈಬಿಟ್ಟೆ. ಬದಲಿಗೆ, ಸ್ವಂತ ತಂಗಿಯಾಗಿದ್ದೂ ಹೊರಗಿನವಳನ್ನು ಕೇಳಬೇಕಾಯಿತಲ್ಲ ಅಂತ ಬೇಯುತ್ತಾ ಕೇಳಿದೆ.

"ಅಕ್ಕಂಗೆ ಹೊಟ್ಟೆನೋವು ಗಿಟ್ಟೆನೋವು ಏನೂ ಇಲ್ವಂತಾ?"

ಅವಳು ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. "ಯಾವ ಹೊಟ್ಟೆನೋವು ಅಕ್ಕ?"

"ನಾಟಕ ಬೇಡ. ಅವ್ಳೇ ನಂಗೆ ಎಲ್ಲಾ ಹೇಳಿದಾಳೆ."

"ಹೌದಾ?" ಅಂದಳು. ಗುಬ್ಬಿ ಬಸ್ ಬಂತು. ಪೊಟ್ಟಣವನ್ನು ನನ್ನ ಕೈಗಿಟ್ಟು ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ, "ಹಂಗಾದ್ರೆ ಅವರನ್ನೇ ಕೇಳಿ ಅಕ್ಕ" ಅಂದಳು.

ಬಸ್ ಹೊರಟಿತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅಷ್ಟು ಹೊತ್ತಿಗೆ ಎಲ್ಲವನ್ನೂ ಹೇಳಿ ಮುಗಿಸಿರುತ್ತಿದ್ದೆ.